ನವಿಲು ಓಡಿಸುವ ರಾಮನಾಥರು

ರಾಮನಾಥರು ತಿಮ್ಮಿಯನ್ನು ಮೊದಲು ಕಂಡದ್ದಲ್ಲ, ಕೇಳಿದ್ದು. ಅಂದು ಬೆಳಿಗ್ಗೆ ಅವರು ಶೆಟಗೇರಿಯ ಗದ್ದೆಯೊಂದರ ಬದುವಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಬಿಳಿ ಬೂಟು ಪಕ್ಕದಲ್ಲಿತ್ತು, ಕಾಲುಚೀಲ ಮಡಚಿ ಅದರೊಳಗಿತ್ತು, ಬರಿಗಾಲು ಮಣ್ಣಿಗೆ ತಾಗಿತ್ತು. ಹಿಂದೆ ಏಳು ನವಿಲುಗಳು ನೆಲ ಕೆದಕುತ್ತಿದ್ದವು. ಎಂಥ ಶಾಂತಿ ಎಂದುಕೊಳ್ಳುವಷ್ಟರಲ್ಲಿ ಗದ್ದೆಯ ಒಡತಿ ತಿಮ್ಮಿಯ ಕೂಗು ಕೇಳಿತು.

“ಹೋಯ್ ಒಡೆಯಾ! ನಿನ್ನೆ ಬಿತ್ತಿದ್ ಶೇಂಗಾ ಎಲ್ಲ ನವಿಲ್ ತಿಂತಾ ಅದೆ, ನೀವು ಜಪಾ ಮಾಡ್ತ್ರಾ?”

ರಾಮನಾಥರು ಗಡಬಡಿಸಿ ಎದ್ದರು. “ಬಿಪಿ ಅದೆ ತಂಗಿ. ಹಸಿರಲ್ಲಿ ಸುಮ್ನೆ ಕೂತ್ಕಬೇಕು ಅಂತ ಡಾಕ್ಟರು ಹೇಳಿದಾರೆ.”

“ನಿಮ್ಮ ಬಿಪಿ ಇಳೂಕೆ ನನ್ ಬಿಪಿ ಏರ್ಸ್ತ್ರಿ!”

ರಾಮನಾಥರು ಕಚೇರಿಯೊಂದರಲ್ಲಿ ಮೂವತ್ನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಮನೆ ಬಿಣಗಾದಲ್ಲಿ, ಹೆದ್ದಾರಿಗೆ ಅಂಟಿಕೊಂಡಂತೆ. ಲಾರಿ ಹೋದರೆ ಕಪಾಟಿನ ಲೋಟಗಳು ಮಾತಾಡುತ್ತವೆ. ತಿಂಗಳೊಳಗೆ ಒತ್ತಡ ಇಳಿಯದಿದ್ದರೆ ಎರಡನೇ ಮಾತ್ರೆ ಎಂದಿದ್ದರು ಡಾಕ್ಟರು. ಎರಡನೇ ಮಾತ್ರೆ ಹಿಡಿದ ರಾಮನಾಥರ ಅಣ್ಣ ಆಮೇಲೆ ಹೊಸಿಲು ದಾಟಿದ್ದೇ ಕಡಿಮೆ. ಕಾರವಾರದ ಕಡಲತೀರವೇನೋ ಹತ್ತಿರವೇ ಇತ್ತು. ಆದರೆ ಅಲ್ಲಿ ಹಳೆಯ ಸಹೋದ್ಯೋಗಿಗಳೆಲ್ಲ ನಡೆಯುತ್ತ ತಮ್ಮ ತಮ್ಮ ಸಕ್ಕರೆಯ ಅಂಕಿ ಹೇಳುತ್ತಿದ್ದರು. ಕೇಳಿದವರ ಒತ್ತಡವೇ ಏರುತ್ತಿತ್ತು. ಹಾಗಾಗಿ ಬಸ್ಸು ಹಿಡಿದು ಇಷ್ಟು ದೂರ.

ತಿಮ್ಮಿ ಅವರನ್ನು ಸುಮ್ಮನೆ ಬಿಡಲಿಲ್ಲ. ಕೆದಕಿದ ಕಡೆಯೆಲ್ಲ ಮತ್ತೆ ಬೀಜ ಹಾಕಿ, ಅವರನ್ನು ಗದ್ದೆ ಕಾಯುವ ಅಟ್ಟಣೆ, ಮಾಳ ಹತ್ತಿಸಿ, ಬಡಿಯಲು ಕೈಗೆ ಖಾಲಿ ಎಣ್ಣೆಡಬ್ಬವೊಂದನ್ನು ಕೊಟ್ಟಳು. “ನಾಲ್ಕ್ ಎಲೆ ಬರೂತನಕ ಕಾಯ್ರಿ. ಹಸಿರೂ ಸಿಗ್ತದೆ, ನನ್ ಬೆಳೆನೂ ಉಳೀತದೆ.”

ಮೊದಲ ದಿನ ರಾಮನಾಥರು ನವಿಲುಗಳನ್ನು ಬಹುವಚನದಲ್ಲೇ ಗದರಿಸಿದರು. ಅವು ಕತ್ತೆತ್ತಿಯೂ ನೋಡಲಿಲ್ಲ. “ಮೈಯೆಲ್ಲಾ ಕೂಗ್ಬೇಕು, ಒಡೆಯಾ!” ಎಂದಳು ತಿಮ್ಮಿ. ಮೂರನೆಯ ದಿನ ಮೂವತ್ನಾಲ್ಕು ವರ್ಷ ಸಾಹೇಬರೆದುರು ನುಂಗಿದ್ದೆಲ್ಲ ಒಮ್ಮೆಲೇ ಹೊರಬಂತು. ನವಿಲಿರಲಿ, ಪಕ್ಕದ ಗದ್ದೆಯ ಎಮ್ಮೆಯೂ ಓಡಿತು.

“ಸುಮ್ಮನೆ ಕೂತು ಬರುವವರ ಗಂಟಲು ಯಾಕೆ ಹೀಗೆ ಒಡೆದಿದೆ?” ಎಂದು ಹೆಂಡತಿ ದುರ್ಗಾ ಕೇಳಿದರು. ರಾಮನಾಥರು ಬಿಸಿನೀರು ಕುಡಿದರು.

ತಿಂಗಳ ಕೊನೆಗೆ ಡಾಕ್ಟರು ಎರಡು ಸಲ ಅಳೆದರು. ಒತ್ತಡ ಇಳಿದಿತ್ತು.

“ನೋಡಿ, ಮೌನದ ಶಕ್ತಿ!” ಎಂದರು. ಹೌದು ಎನ್ನಲು ಹೋದರೆ ರಾಮನಾಥರಿಗೆ ಸ್ವರವೇ ಹೊರಡಲಿಲ್ಲ. ಎರಡನೇ ಮಾತ್ರೆ ತಪ್ಪಿತು.

ಶೇಂಗಾಕ್ಕೆ ನಾಲ್ಕು ಎಲೆ ಬಂದಾಗಿದೆ. ಆದರೂ ರಾಮನಾಥರು ಈಗಲೂ ವಾರಕ್ಕೆ ನಾಲ್ಕು ದಿನ ಬೆಳಗಿನ ಬಸ್ಸಿಗೆ ಶೆಟಗೇರಿಗೆ ಹೋಗಿ, ಹನ್ನೊಂದರವರೆಗೆ ತಿಮ್ಮಿಯ ಶೇಂಗಾ ಗದ್ದೆ ಕಾಯುತ್ತಾರೆ.