ಬೆಳೆಯುತ್ತಾಳೆಂದು ಬಿಟ್ಟ ದಾರ

ನಮ್ಮ ಕಡೆ ಹೆಣ್ಣುಮಕ್ಕಳ ಲಂಗ ಹೊಲಿಯುವಾಗ ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿಯುತ್ತೇವೆ. ಹುಡುಗಿ ಎತ್ತರವಾದಂತೆ ಮಡಿಕೆ ಬಿಚ್ಚಿದರಾಯಿತು. ನನ್ನ ಮಗಳಿಗೂ ಹಾಗೆಯೇ ಹೊಲಿಯುತ್ತಿದ್ದೆ.

ಅವಳಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು. ಓಡಬಾರದು, ಕುಂಟೆಬಿಲ್ಲೆ ಆಡಬಾರದು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಕೊಟ್ಟೂರಿನ ನಮ್ಮ ಓಣಿಯ ಹುಡುಗಿಯರು ಆಡುವಾಗ ಇವಳು ಕಟ್ಟೆಯ ಮೇಲೆ ಕುಳಿತು ಯಾರು ಗೆರೆ ತುಳಿದರೆಂದು ಹೇಳುತ್ತಿದ್ದಳು. ಜಗಳ ಬಂದರೂ ಬಿಟ್ಟುಕೊಡುತ್ತಿರಲಿಲ್ಲ.

ಅವಳಿಗೆ ಒಂಬತ್ತು ತುಂಬಿದಾಗ ಅವರಪ್ಪ ದಾರ ಕಟ್ಟಿ ಇಳಿಸಿ ಏರಿಸುವ ಪ್ಲಾಸ್ಟಿಕ್ ಯೋಯೋ ತಂದರು. ತೊಂಬತ್ತರ ದಶಕದ ಕೊನೆಯ ಮಾತು. ನಿಂತಲ್ಲೇ ಆಡುವ ಆಟ ಎಂದು ನನಗೂ ಸಮಾಧಾನವಾಯಿತು. ಆದರೆ ಅದು ಅವಳ ಅಂಗೈಗೆ ದೊಡ್ಡದು. ಮೇಲೆ ಬಂದಾಗ ಬೆರಳ ಗೆಣ್ಣಿಗೆ ಬಡಿಯುತ್ತಿತ್ತು. ಪಾಟಿಚೀಲದಲ್ಲಿ ಒತ್ತಿ ಎಂಟೇ ದಿನಕ್ಕೆ ಒಡೆಯಿತು.

"ಸಣ್ಣದು ಮಾಡಿಸವ್ವಾ, ಕಿಸೇದಾಗ ಇಟ್ಕೊಳ್ಳಂಗ," ಅಂದಳು.

"ಲಂಗಕ್ಕ ಕಿಸೆ ಎಲ್ಲೈತಿ?"

"ಅದನ್ನೂ ನೀನ ಹೊಲಿ."

ಅವಳ ಅಂಗೈಯನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಮೇಲೆ ಇಡಿಸಿ ಸುತ್ತಲೂ ಪೆನ್ಸಿಲಿನ ಗೆರೆ ಎಳೆದೆ. ತೊಟ್ಟಿಲ ಕಾಲು, ಲಟ್ಟಣಿಗೆ ಕಡೆದು ಕೊಡುವ ವಯಸ್ಸಾದ ಸಾಹೇಬರೊಬ್ಬರಿದ್ದರು. ಆ ಹಾಳೆ ಅವರಿಗೆ ಕೊಟ್ಟೆ. ಮೊದಲನೆಯದು ಬೇವಿನ ಕಟ್ಟಿಗೆಯದು. ತೀರ ಹಗುರ, ಒಡೆದ ಯೋಯೋದ ದಾರ ಕಟ್ಟಿ ಆಡಿಸಿದರೆ ಮೊಣಕಾಲಿನವರೆಗೆ ಏರಿ ನಿಂತುಬಿಡುತ್ತಿತ್ತು. ಎರಡನೆಯದನ್ನು ಜಾಲಿ ಕಟ್ಟಿಗೆಯಲ್ಲಿ ಕಡೆದರು. ತೂಕ ಸರಿ ಬಂತು, ಆದರೆ ಅಂಚು ಚೂಪಾಗಿ ನಾನು ಹೊಲಿದ ಕಿಸೆಯೇ ಹರಿಯಿತು. ಮೂರನೆಯದರ ಅಂಚನ್ನು ಹುಣಸೆಬೀಜದ ಹಾಗೆ ನುಣ್ಣಗೆ ತೀಡಿದರು. ಕಿಸೆಯಲ್ಲಿಟ್ಟರೆ ಲಂಗ ಉಬ್ಬುತ್ತಲೂ ಇರಲಿಲ್ಲ.

ಹಳೆಯ ದಾರ ಅಷ್ಟರಲ್ಲಿ ಸವೆದಿತ್ತು, ಹೊಸದು ನನ್ನ ಪಾಲಿಗೆ ಬಂತು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಶಿವದಾರ ಹೊಸೆದು ಅಭ್ಯಾಸವಿತ್ತು. ಅದೇ ಹತ್ತಿ ನೂಲಿನಿಂದ ಹೊಸೆದೆ.

"ಲಿಂಗದ ನೂಲಿನಾಗ ಆಟಿಗಿ ಕಟ್ಟತೀಯಲ್ಲ, ಶಿವ ಮೆಚ್ಚತಾನೇನು?" ಅಂದರು ಅತ್ತೆ.

"ಅವಂಗೂ ಒಂದ್ಸಲ ಆಡಾಕ ಕೊಡತೀನಿ ಬಿಡಬೇ ಅಜ್ಜಿ," ಅಂದಳು ಮಗಳು.

ಹೊಕ್ಕುಳಿನಿಂದ ನೆಲದವರೆಗಿನ ದಾರ ಸಾಕಿತ್ತು. ನಾನು ಒಂದು ಗೇಣು ಹೆಚ್ಚಿಗೆ ಬಿಟ್ಟೆ, ಬೆಳೆಯುತ್ತಾಳಲ್ಲ ಎಂದು. ಹೆಚ್ಚಿನದನ್ನು ನಡುವಿನ ಕಡ್ಡಿಗೆ ಸುತ್ತಿ ಗಂಟು ಹಾಕಿದೆ. ಯೋಯೋ ಇಳಿಯಿತು, ಏರಲಿಲ್ಲ. ಅವಳು ಮತ್ತೆ ಮತ್ತೆ ಎಸೆದಳು. ತುಟಿ ನೀಲಿಯಾಗುವುದನ್ನು ಕಂಡು ಕಿತ್ತುಕೊಂಡೆ.

ಒಯ್ದು ತೋರಿಸಿದಾಗ ಸಾಹೇಬರು ಅದನ್ನು ತಿರುಗಿಸಿ ನೋಡಿದರು. "ಕಟ್ಟಿಗಿ ಚಲೋ ಐತಿ ತಂಗೆವ್ವ. ನಡುವ ದಾರ ತುಂಬೀರಿ, ತಿರುಗಾಕ ಜಾಗಾನ ಇಲ್ಲ. ಹೆಚ್ಚಿಂದು ಕತ್ತರಿಸ್ರಿ."

"ಮುಂದ ಬೆಳೀತಾಳಲ್ರಿ."

ಅವಳ ಕಾಯಿಲೆ ಅವರಿಗೆ ಗೊತ್ತಿತ್ತು. ಯೋಯೋದ ಮೇಲೆ ಕೂತ ಮರದ ಹುಡಿ ಊದಿ ನನ್ನ ಕೈಗೆ ಕೊಟ್ಟರು.

"ಬೆಳೀಲಿ. ಆವಾಗ ಹೊಸಾದು ಹೊಸದ್ರ ಆತು. ಇವತ್ತು ಕೂಸು ಆಡಬೇಕಲ್ಲ?"

ಎರಡು ದಿನ ಕತ್ತರಿ ಹಿಡಿಯಲು ಕೈ ಬರಲಿಲ್ಲ. ಮಗಳ ಆಯುಷ್ಯಕ್ಕೇ ಅಳತೆ ಹಾಕಿದಂತೆ ಅನ್ನಿಸುತ್ತಿತ್ತು. ಸೋಮವಾರ ಪೂಜೆ ಮುಗಿಸಿ ಹೊರಗೆ ಬಂದರೆ, ಅವಳು ಕಟ್ಟೆಯ ಮೇಲೆ ಕುಳಿತು ಖಾಲಿ ಕೈಯನ್ನೇ ಮೇಲೆ ಕೆಳಗೆ ಆಡಿಸುತ್ತಿದ್ದಳು. ಒಳಗೆ ಹೋಗಿ ಕತ್ತರಿಸಿದೆ. ಆ ತುಂಡನ್ನು ಎಸೆಯಲು ಮನಸ್ಸು ಒಪ್ಪಲಿಲ್ಲ. ಬತ್ತಿ ಮಾಡಿ ದೇವರ ಮುಂದೆ ಹಚ್ಚಿದೆ.

ಅಂದು ಸಂಜೆ ಯೋಯೋ ಅವಳ ಅಂಗೈಗೆ ಮರಳಿತು. ಓಣಿಯ ಹುಡುಗಿಯರು ಕುಂಟೆಬಿಲ್ಲೆ ಬಿಟ್ಟು ಅವಳ ಸುತ್ತ ಸೇರಿದರು. "ಪಾಳಿ ಹಚ್ರಲೇ, ನುಗ್ಗಬ್ಯಾಡ್ರಿ," ಎಂದು ಅವಳು ಗದರುವುದು ಒಳಗಿದ್ದ ನನಗೆ ಕೇಳಿಸಿತು.

ಒಂದು ವರ್ಷ ಆಡಿದಳು. ಕೊನೆಯ ತಿಂಗಳು ಆಡುವ ಶಕ್ತಿ ಇರಲಿಲ್ಲ. ಕಿಸೆಯೊಳಗೆ ಕೈ ಇಟ್ಟು ಮಲಗಿರುತ್ತಿದ್ದಳು. ನಮ್ಮ ಪದ್ಧತಿಯಂತೆ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಅದಕ್ಕೂ ಮೊದಲು ನಾನು ಅವಳ ಕಿಸೆಯಿಂದ ಯೋಯೋ ತೆಗೆಯಹೋದೆ. "ಇರ್ಲಿ ಬಿಡು, ಶಿವಂಗ ಆಡಾಕ ಕೊಡತೀನಿ ಅಂದಿದ್ಲು," ಎಂದು ಅತ್ತೆಯೇ ನನ್ನ ಕೈ ಹಿಡಿದರು.

ಶಿವ ಏನೂ ಕೊಡಲಿಲ್ಲ ಎಂದು ನಾನು ಹೇಳಲಾರೆ. ಆ ಸಂಜೆಗಳನ್ನು ಕೊಟ್ಟ. ಎರಡೇ ದಿನಕ್ಕೆ ಕತ್ತರಿಸುವ ಬುದ್ಧಿ ಕೊಟ್ಟ. ಇನ್ನೂ ತಡಮಾಡಿದ್ದರೆ ಅಷ್ಟು ಆಟ ಕಡಿಮೆಯಾಗುತ್ತಿತ್ತು. ಹೊಸ ದಾರ ಹೊಸೆಯುವ ದಿನ ಮಾತ್ರ ಬರಲಿಲ್ಲ. ಅವಳ ಇನ್ನೊಂದು ಲಂಗ ಟ್ರಂಕಿನಲ್ಲಿದೆ. ಕೆಳಗಿನ ಮಡಿಕೆಯನ್ನು ಬಿಚ್ಚಿಲ್ಲ.