ಕರುವಿನ ಪಾಲಿನ ಗಿಣ್ಣು

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅರಕಲಗೂಡು ತಾಲ್ಲೂಕಿನ ಒಂದು ಸಣ್ಣ ಪಶು ಆಸ್ಪತ್ರೆಯಲ್ಲಿ ಡಿ ಗ್ರೂಪ್ ನೌಕರಳಾಗಿದ್ದೆ. ಗುಡಿಸುವುದು, ಸಾಮಾನು ಕುದಿಸುವುದು, ಡಾಕ್ಟರು ಸೂಜಿ ಹಾಕುವಾಗ ದನದ ಮೂಗುದಾರ ಹಿಡಿಯುವುದು ನನ್ನ ಕೆಲಸ. ಓದಿದ್ದು ಮೂರನೇ ಕ್ಲಾಸು. ಆದರೂ ಎಳೆಗರುಗಳನ್ನು ಕೊಲ್ಲುವ ಭೇದಿ ರೋಗದ ವಿಷಯ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ.

ಜಯಮ್ಮ ಅಂತ ಒಬ್ಬಳು ಸೀಮೆಹಸು ಸಾಕಿದ್ದಳು. ಎರಡು ವರ್ಷ ಸತತವಾಗಿ ಅದರ ಕರು ಭೇದಿಯಾಗಿ ಸತ್ತಿತ್ತು. ಮೂರನೇ ಸಲ ಈಯುವಾಗ ಕರು ಅಡ್ಡ ಸಿಕ್ಕಿಕೊಂಡಿತು. ನಾನೂ ಡಾಕ್ಟರೂ ಬೆಳಿಗ್ಗೆ ಹೋಗಿ ಎಳೆದು ತೆಗೆದೆವು. ಹೆಣ್ಣು ಕರು. ಜಯಮ್ಮ ಸೆರಗಿನಿಂದಲೇ ಅದರ ಮೂತಿ ಒರೆಸಿದಳು. ಅರ್ಧ ಗಂಟೆಯೊಳಗೆ ಎರಡು ಲೀಟರ್ ಗಿಣ್ಣು ಹಾಲು ಕುಡಿಸಿ ಎಂದು ಹೇಳಿ ಡಾಕ್ಟರು ಇನ್ನೊಂದು ಊರಿಗೆ ಓಡಿದರು.

ಅವರ ಬೈಕು ತಿರುವು ದಾಟುವ ಮೊದಲೇ ಜಯಮ್ಮನ ಅತ್ತೆ ಅಡ್ಡ ಬಂದರು. ಈದ ಮೇಲೆ ಬೀಳುವ ಮಾಸಿಗೆ ನಮ್ಮ ಕಡೆ ಕಸ ಅನ್ನುತ್ತಾರೆ.

"ಕಸ ಬೀಳ್ದೆ ಕೆಚ್ಚಲಿಗೆ ಕೈ ಆಕ್ಬಾರ್ದು ಕಣವ್ವ. ಕಸ ಒಳಗೇ ನಿಂತ್ಕಂಬುಡ್ತದೆ."

"ಡಾಕ್ಟ್ರು ಏಳವ್ರಲ್ಲ ದೊಡ್ಡವ್ವ," ಅಂದೆ.

"ಡಾಕ್ಟ್ರು ಎಷ್ಟು ಈದವ್ರೆ?"

ಜಯಮ್ಮ ನಕ್ಕಳು, ನಾನೂ ನಕ್ಕೆ. ಆಸ್ಪತ್ರೆ ಬೀಗ ತೆಗೆಯಬೇಕಿತ್ತು, ಬಂದುಬಿಟ್ಟೆ.

ಕಸ ಬಿದ್ದದ್ದು ಮಧ್ಯಾಹ್ನ. ಮೊದಲು ಕರೆದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನೆಂಟರಿಷ್ಟರಿಗೆಲ್ಲ ಹಂಚಿದರು. ಹೆರಿಗೆ ಮಾಡಿಸಿದವರು ಅಂತ ಆಸ್ಪತ್ರೆಗೂ ಒಂದು ಡಬ್ಬಿ ಬಂತು. ಡಾಕ್ಟರೂ ನಾನೂ ತಿಂದೆವು. ಚೆನ್ನಾಗಿತ್ತು. ಇದು ಯಾರ ಪಾಲು ಎಂದು ಇಬ್ಬರೂ ಕೇಳಲಿಲ್ಲ.

ಮೂರನೇ ದಿನ ಜಯಮ್ಮ ಫೋನು ಮಾಡಿದಳು. ಹೋಗಿ ನೋಡಿದರೆ ಕರುವಿನ ಬಾಲವೆಲ್ಲ ಬಿಳಿ ನೀರಿನಂಥ ಭೇದಿ, ಕಣ್ಣು ಒಳಗೆ ಹೋಗಿವೆ, ಕಿವಿ ತಣ್ಣಗಿವೆ. ಡಾಕ್ಟರು ನರಕ್ಕೆ ಡ್ರಿಪ್ ಹಾಕಿದರು.

"ಗಿಣ್ಣು ಎಷ್ಟು ಕುಡಿಸಿದ್ರಿ?"

"ಮಧ್ಯಾನದ ಮೇಲೆ ಒಂದ್ನಾಕು ಗುಟುಕು ಕುಡೀತು ಸಾ," ಅಂದಳು ಜಯಮ್ಮ.

"ಉಳಿದದ್ದು?"

ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ನಿಮ್ಗೇ ಕಳ್ಸಿದ್ವಲ್ಲ ಸಾಮಿ! ಡಬ್ಬಿ ಬಳ್ಕೊಂಡು ತಿಂದು ಈಗ ಲೆಕ್ಕ ಕೇಳ್ತೀರಾ?"

ಡಾಕ್ಟರ ಮುಖ ಕಪ್ಪಿಟ್ಟಿತು. ನಾನು ಡ್ರಿಪ್ ಬಾಟಲಿ ಹಿಡಿದು ಗೋಡೆ ನೋಡುತ್ತಿದ್ದೆ.

ಡ್ರಿಪ್ ಇಳಿಯುವಾಗ ಡಾಕ್ಟರು ನನ್ನ ಸೀರೆಯಂಚಿಗೆ ಅಂಟಿದ್ದ ಉತ್ತರಾಣಿ ಬೀಜ ತೋರಿಸಿ ಜಯಮ್ಮನಿಗೆ ವಿವರಿಸಿದರು. ಕೊಟ್ಟಿಗೆಯಲ್ಲಿರುವ ಇ-ಕೋಲೈ ಎಂಬ ರೋಗಾಣುವಿನ ಒಂದು ಜಾತಿಗೆ ಮೈ ತುಂಬ ಕೂದಲಿನಂಥ ಪ್ರೊಟೀನ್ ಎಳೆಗಳಿರುತ್ತವೆ, ಅವಕ್ಕೆ ಫಿಂಬ್ರಿಯೆ ಎಂದು ಹೆಸರು. ಉತ್ತರಾಣಿ ಸೀರೆಗೆ ಅಂಟುತ್ತದೆ, ಸ್ಟೀಲ್ ತಟ್ಟೆಗೆ ಅಂಟುವುದಿಲ್ಲ. ಹಾಗೇ ಈ ಎಳೆಗಳು ಎಳೆಗರುವಿನ ಕರುಳಿನ ಕೋಶಗಳನ್ನು ಹುಡುಕಿ ಹಿಡಿಯುತ್ತವೆ. ಹಿಡಿತ ಸಿಗದಿದ್ದರೆ ರೋಗಾಣು ಸಗಣಿಯ ಜೊತೆ ಕೊಚ್ಚಿಕೊಂಡು ಹೋಗುತ್ತದೆ. ಸಿಕ್ಕಿದರೆ ಅಲ್ಲೇ ಕೂತು, ಬೆಳೆದು, ವಿಷ ಬಿಡುತ್ತದೆ. ಕರುವಿನ ಮೈನೀರೆಲ್ಲ ಕರುಳಿಗೆ ಸುರಿಯುತ್ತದೆ. ತಾಯಿಯ ಗಿಣ್ಣಿನಲ್ಲಿರುವ ಆಂಟಿಬಾಡಿಗಳು ಮೊದಲೇ ಹೊಟ್ಟೆ ಸೇರಿದ್ದರೆ ಆ ಎಳೆಗಳಿಗೆ ಮೆತ್ತಿಕೊಂಡು ಹಿಡಿತ ತಪ್ಪಿಸುತ್ತವೆ. ಅಂಟಿದ ಮೇಲೆ ಬಿಡಿಸುವುದು ಕಷ್ಟ.

ಕರು ಮಾರನೇ ದಿನ ಬೆಳಿಗ್ಗೆ ಸತ್ತಿತು. ಜಯಮ್ಮ ಅಳಲಿಲ್ಲ. "ಮೂರಾಯ್ತು ಕಣಕ್ಕ. ನೀನು ಅಲ್ಲೇ ಇದ್ದೆಯಲ್ಲ, ಯಾಕ್ ಎದ್ದೋದೆ?" ಅಂದಳು. ಸಗಣಿಯ ಸ್ಯಾಂಪಲ್ ಹಾಸನದ ಲ್ಯಾಬಿಗೆ ಹೋಗಿತ್ತು. ಇ-ಕೋಲೈ ಎಂದು ವರದಿ ಬರುವ ಹೊತ್ತಿಗೆ ಹೂತ ಜಾಗದಲ್ಲಿ ಹುಲ್ಲು ಹುಟ್ಟಿತ್ತು.

ಆಮೇಲೆ ನಾನು, ಗಿಣ್ಣು ಮೊದಲು ಕರುವಿಗೆ ಕುಡಿಸಿ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೂ ಹೇಳಿದೆ. "ಅಂಗಾರೆ ನಮ್ ಮಕ್ಳು ಗಿಣ್ಣು ತಿನ್ಬಾರ್ದಾ?" ಎಂದು ಒಬ್ಬ ಕೇಳಿದ. "ಕರು ಕುಡ್ದು ಮಿಕ್ಕಿದ್ದು ತಿನ್ಲಿ ಕಣ್ಲಾ," ಅಂದೆ. ತಲೆ ಆಡಿಸಿದರು. ಮುಂದಿನ ತಿಂಗಳು ಅದೇ ಬೀದಿಯಲ್ಲಿ ಇನ್ನೆರಡು ಕರು ಸತ್ತವು. ನಾನು ಗಂಟಲು ಹರಿದುಕೊಂಡದ್ದಷ್ಟೇ ಬಂತು.

ಮಾರನೇ ವರ್ಷ ಜಯಮ್ಮನ ಹಸು ಈಯುವ ದಿನ ರಜೆ ಹಾಕಿ ಹೋಗಿ ಕೂತೆ. ಕರು ಬಿದ್ದ ತಕ್ಷಣ ಕೆಚ್ಚಲು ತೊಳೆದು ನಾನೇ ಕರೆದೆ. ಅತ್ತೆ ರೇಗಿದರು.

"ನಮ್ ದನ, ನಿಂದೇನೇ ಯಜಮಾನ್ಕೆ?"

"ಬಯ್ಯಿ ದೊಡ್ಡವ್ವ, ಬಾಯಿ ನಿಂದು. ಆಲು ಕರೂದು."

ಜಯಮ್ಮ ಕರುವಿನ ಬಾಯಿಗೆ ಬಾಟಲಿ ಇಟ್ಟಳು. ಎರಡು ಲೀಟರ್ ಪೂರ್ತಿ ಇಳಿಯುವವರೆಗೆ ನಾನು ಏಳಲಿಲ್ಲ. ಕಸ ಎಂದಿಗಿಂತ ಬೇಗನೇ ಬಿತ್ತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಒಳಗೆ ಹೋದರು. ಮೂರನೇ ದಿನ ಕಳೆಯಿತು, ವಾರವೂ ಕಳೆಯಿತು. ಕರು ಬದುಕಿತು.

ಹೇಳಿ ಬಂದರೆ ಕೆಲಸ ಮುಗಿಯಿತು ಎಂದು ಮೂವತ್ತು ವರ್ಷ ತಿಳಿದಿದ್ದೆ. ಮಾತು ಯಾರ ತಲೆಗೂ ಅಂಟುವುದಿಲ್ಲ. ಹಾಲು ಕರುವಿನ ಗಂಟಲು ದಾಟುವವರೆಗೆ ಕೊಟ್ಟಿಗೆಯಿಂದ ಏಳಬಾರದು, ಅಷ್ಟೇ.