ಗಾಜಿನ ಮೇಲೆ ಒಂದು ಬೊಟ್ಟು

ನಾನು ಕಾರು ಕಟ್ಟಿದ್ದು ಕಡಲಾಚೆಯ ದೇಶದಲ್ಲಿ, ಒನೆಹುಂಗಾ ಎಂಬ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ. ಕಟ್ಟಿದ್ದು ಎಂದರೆ ಎಲ್ಲವನ್ನೂ ನಾನೇ ಮಾಡಿದ್ದು ಎಂದಲ್ಲ. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಾರೆ, ಎಂಜಿನ್ ಒಂದು ಹಳೆಯ ಕಾರಿನಿಂದ ಬರುತ್ತದೆ, ಜೋಡಿಸುವ ಕರ್ಮ ಮಾತ್ರ ನಮ್ಮದು. ಇದಕ್ಕೆ ಕಿಟ್ ಕಾರ್ ಎನ್ನುತ್ತಾರೆ. ಒಂದು ದೀಪಾವಳಿಯ ಊಟದಲ್ಲಿ ಬಾಗಲಕೋಟೆ ಕಡೆಯ ಡಾಕ್ಟರೊಬ್ಬರು, "ಅಲ್ರೀ, ಅಂಗಡ್ಯಾಗ ಚಲೋ ಚಲೋ ಕಾರ್ ಸಿಗ್ತಾವಲ್ಲ?" ಎಂದು ಕೇಳಿದ್ದರು. ಸಿಗುತ್ತವೆ. ಆದರೂ ಕಟ್ಟಿದೆ.

ನಾಲ್ಕು ವರ್ಷ ಹಿಡಿಯಿತು. ಕೊನೆಗೆ ಉಳಿದದ್ದು ಮುಂದಿನ ಗಾಜು. ಅದು ಕಿಟ್ಟಿನ ಜೊತೆಗೇ ಮರದ ಪೆಟ್ಟಿಗೆಯಲ್ಲಿ, ಹುಲ್ಲು ಕಾಗದಗಳ ನಡುವೆ ಮಲಗಿ ಬಂದಿತ್ತು. ಅದು ಬಂದ ಮರುವರ್ಷವೇ ಕಿಟ್ ತಯಾರಿಸುವವರು ಬಾಗಿಲು ಹಾಕಿದರು. ಗಾಜಿನ ಅಚ್ಚು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಕಾರಿನ ಬಾಗು ಬೇರೆ ಯಾವ ಕಾರಿನ ಗಾಜಿಗೂ ಇಲ್ಲ. ನಾನು ಗುಜರಿಗಳಲ್ಲೆಲ್ಲ ಅಳತೆಪಟ್ಟಿ ಹಿಡಿದು ಅಲೆದು ನೋಡಿದ್ದೆ. ಈ ಗಾಜು ಒಡೆದರೆ ಕಾರು ಗ್ಯಾರೇಜಿನಲ್ಲೇ ಕೊಳೆಯಬೇಕು. ಗಾಜು ಗಟ್ಟಿಯಾಗಿ ಕೂರದಿದ್ದರೆ ತಪಾಸಣೆಯ ಎಂಜಿನಿಯರ್ ಸಹಿ ಹಾಕುವುದಿಲ್ಲ, ಸಹಿಯಿಲ್ಲದೆ ಕಾರು ರಸ್ತೆಗಿಳಿಯುವುದಿಲ್ಲ.

ಗಾಜಿನ ಕೆಲಸಕ್ಕೆ ಹಿಂದಿನ ಬೀದಿಯ ಮುದುಕರೊಬ್ಬರು ಬಂದರು. ಜೀವನವಿಡೀ ಕಾರು, ಬಸ್ಸುಗಳಿಗೆ ಗಾಜು ಕೂರಿಸಿ ನಿವೃತ್ತರಾದವರು, ಈ ದೇಶದವರೇ. ಒಂದು ಭುಜದ ಆಪರೇಷನ್ ಆಗಿ, ಆ ಕೈಯನ್ನು ಎದೆಗಿಂತ ಮೇಲೆ ಎತ್ತಲಾಗುತ್ತಿರಲಿಲ್ಲ. ಮಾತು ಕಡಿಮೆ, ಆಡಿದ ಮಾತು ಬಹುಪಾಲು ಬೈಗುಳ. ನನಗೆ ಇಷ್ಟವಾದರು.

ಮೊದಲ ಎರಡು ಶನಿವಾರ ಅಂಟಿನ ಮಾತೇ ಇಲ್ಲ. ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆಗಳನ್ನು ಒತ್ತಿ, ಇಬ್ಬರೂ ಎತ್ತಿ ಚೌಕಟ್ಟಿನಲ್ಲಿಡುವುದು, ನೋಡುವುದು, ಇಳಿಸುವುದು. ಫೈಬರ್ ಚೌಕಟ್ಟು ಸೊಟ್ಟಗಿತ್ತು. ಎಡಗಡೆ ಬೆರಳು ತೂರುವಷ್ಟು ಸಂದು, ಬಲಗಡೆ ಕಾಗದವೂ ತೂರುವುದಿಲ್ಲ. ಉಬ್ಬಿದ ಕಡೆ ಮರಳು ಕಾಗದದಿಂದ ಉಜ್ಜಿ, ಮತ್ತೆ ಎತ್ತಿ ಇಟ್ಟು, ಮತ್ತೆ ಉಜ್ಜಿದೆವು. ಎಷ್ಟು ಸಲ ಎಂದು ಲೆಕ್ಕವಿಡಲಿಲ್ಲ. ಗಾಜು ತಾನಾಗಿ ಕೂರಬೇಕು, ಒತ್ತಿ ಕೂರಿಸಿದರೆ ಇಂದಲ್ಲ ನಾಳೆ ಸೀಳುತ್ತದೆ ಎಂದು ಮುದುಕರು ಹೇಳಿದರು.

ಮೂರನೆಯ ಶುಕ್ರವಾರ ಸಂಜೆ ಗಾಜಿನ ಅಂಚಿನ ಕಪ್ಪು ಪಟ್ಟಿಯನ್ನು ಒರೆಸಿ ಚೊಕ್ಕಟ ಮಾಡಿದೆವು. ಅಂಟು ಹಿಡಿಯುವುದು ಆ ಪಟ್ಟಿಗೇ. "ಇನ್ನು ಇದನ್ನು ಯಾರೂ ಮುಟ್ಟಬಾರದು. ಬೆಳಿಗ್ಗೆ ಬಂದು ಪ್ರೈಮರ್ ಬಳಿದು ಕೂರಿಸೋಣ" ಎಂದು ಹೇಳಿ ಹೋದರು. ನನಗೆ ಅದನ್ನು ಹೇಳಬೇಕಿರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಕಲಿತು ಬಂದ ಆಪರೇಷನ್ ಥಿಯೇಟರ್ ನರ್ಸ್. ಯಾವುದನ್ನು ಮುಟ್ಟಬಾರದು ಎಂದು ದೊಡ್ಡ ದೊಡ್ಡ ಸರ್ಜನ್ನರಿಗೆ ಹೇಳುವುದೇ ನನ್ನ ಸಂಬಳದ ಕೆಲಸ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. "ನಾಳೆ ಕೂಡಸೂಕಿಂತ ಮೊದಲ ಗ್ಲಾಸಿಗೆ ಒಂದ್ ಚೂರು ಕುಂಕುಮಾ ಹಚ್ಚಲೇನ್ರಿ?"

"ಏನೂ ಹಚ್ಚಬ್ಯಾಡ. ಅದು ಸ್ಟೆರೈಲ್ ಇದ್ದಂಗ. ಕಾರಿಗೆ ದೃಷ್ಟಿ ಆಗ್ತದಂತ ನಂಬೂದು ಬಿಡು ಇನ್ನ."

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೊಸ ಗಾಡಿಯ ಗಾಲಿಗೆ ನಿಂಬೆಹಣ್ಣಿಡುವವರ ಬಗ್ಗೆಯೂ ಒಂದು ಭಾಷಣ ಬಿಗಿದೆ. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಳು. ಮುದುಕರು ಬರಲು ಇನ್ನೂ ಹೊತ್ತಿತ್ತು. ಗ್ಯಾರೇಜಿನಲ್ಲಿ ಕಂಬಳಿ ಹೊದಿಸಿದ ಬೆಂಚಿನ ಮೇಲೆ ಗಾಜು ಮಲಗಿತ್ತು. ನನಗೆ ಹೆದರಿಕೆಯಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಇಂಥದೇ ಇನ್ನೊಂದು ಗಾಜು ಜಗತ್ತಿನಲ್ಲಿಲ್ಲ ಎಂಬುದು ಆವರೆಗೆ ಬರೀ ಮಾತಾಗಿತ್ತು. ಒಳಗೆ ಹೋಗಿ ದೇವರ ಮುಂದಿನ ಕುಂಕುಮ ತೆಗೆದುಕೊಂಡೆ. ಒಣ ಕುಂಕುಮ ಗಾಜಿಗೆ ನಿಲ್ಲುವುದಿಲ್ಲವೆಂದು ಒಂದು ಹನಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಹಚ್ಚಿದ್ದು ಮೇಲಿನ ಅಂಚಿನ ನಟ್ಟನಡುವೆ, ಒಳಮೈಯ ಕಪ್ಪು ಪಟ್ಟಿಯ ಮೇಲೆ. ಅಲ್ಲಾದರೆ ಅಂಟಿನಡಿ ಮುಚ್ಚಿಹೋಗುತ್ತದೆ, ಹೆಂಡತಿಯ ಕಣ್ಣಿಗೆ ಬೀಳುವುದಿಲ್ಲ ಎಂಬ ಲೆಕ್ಕಾಚಾರ. ಹಚ್ಚಿದ ಕೂಡಲೇ ನಾಚಿಕೆಯಾಗಿ ಪೇಪರ್ ಟವೆಲ್ಲಿನಿಂದ ಒರೆಸಿಬಿಟ್ಟೆ. ಕೆಂಪು ಹೋಯಿತು. ಎಣ್ಣೆ ಹೋಗಿರಲಿಲ್ಲ. ಕಣ್ಣಿಗೆ ಚೊಕ್ಕಟ ಕಂಡದ್ದು ಚೊಕ್ಕಟವಲ್ಲ ಎಂದು ಹೊಸ ನರ್ಸುಗಳಿಗೆ ಪಾಠ ಹೇಳುವವನು ನಾನೇ.

ಕೂರಿಸುವ ಕೆಲಸ ಸಲೀಸಾಗಿ ಮುಗಿಯಿತು. ಮುದುಕರು ಪ್ರೈಮರ್ ಬಳಿದರು. ಒಳ್ಳೆಯ ಕೈಯಿಂದ ಅಂಟಿನ ಗನ್ ಹಿಡಿದು, ಚಕ್ಕುಲಿ ಒತ್ತಿದ ಹಾಗೆ, ಕಪ್ಪು ಅಂಟನ್ನು ಒಂದೇ ಸಮನೆ ಸುತ್ತಲೂ ಸುರಿದರು. ಎತ್ತಿದೆವು, ಇಟ್ಟೆವು, ಟೇಪು ಹಚ್ಚಿದೆವು. ಹೆಂಡತಿ ಎಲ್ಲರಿಗೂ ಚಹಾ ತಂದಳು.

ಮೂರು ದಿನ ಬಿಟ್ಟು, ಮಂಗಳವಾರ ಸಂಜೆ ಹೋಸ್ ಹಿಡಿದು ನೀರು ಬಿಟ್ಟಾಗ, ಮೇಲಿನ ನಡುಭಾಗದಿಂದ ಒಂದು ಎಳೆ ನೀರು ಒಳಗಿಳಿದು ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು. ಮುದುಕರು ಅಲ್ಲಿ ಹೆಬ್ಬೆರಳಿನಿಂದ ಒತ್ತಿದರು. ಗಾಜು ಅಂಟಿನಿಂದ ಬಿಟ್ಟುಕೊಂಡು ಅಲುಗಿತು. ತೆಳ್ಳನೆಯ ಚಾಕು ತೂರಿಸಿ, ಹೊರಗೆ ತೆಗೆದು ಮೂಸಿ ನೋಡಿದರು.

"ಎಣ್ಣೆ. ಇಲ್ಲಿ ಯಾರು ಮುಟ್ಟಿದ್ದು?" ಎಂದು ಕೇಳಿದರು.

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಆಗ ನಾನು ಹೇಳಿದ ಮಾತು ಇಂಗ್ಲಿಷಿನಲ್ಲಿತ್ತು. "ನನ್ನ ಹೆಂಡತಿಯಿರಬೇಕು. ನಮ್ಮಲ್ಲಿ ಹೊಸ ಗಾಡಿಗೆ ಪೂಜೆ ಮಾಡುತ್ತಾರೆ, ಕುಂಕುಮ ಹಚ್ಚುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ."

ಯೋಚಿಸಿ ಹೇಳಿದ್ದಲ್ಲ. ಯೋಚಿಸದೆಯೇ ಅಷ್ಟು ಸರಾಗವಾಗಿ ಬಂತು ಎಂಬುದೇ ಇಂದಿಗೂ ನನ್ನನ್ನು ಚುಚ್ಚುವುದು. ಮುದುಕರು ಅವಳ ಕಡೆ ನೋಡಿ ತಲೆಯಾಡಿಸಿದರು. ಪಾಪ, ಬೈಯಲಿಲ್ಲ. ಅವಳು ನನ್ನನ್ನೊಮ್ಮೆ ನೋಡಿ, ಅವರಿಗೆ ಸಾರಿ ಹೇಳಿದಳು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಇಷ್ಟೇ ಹೇಳಿದಳು: "ನಾ ಹಚ್ಚಿಲ್ಲ."

"ಮತ್ತ್ಯಾರು ಹಚ್ಚತಾರ?" ಎಂದೆ.

ಮೇಲಿನಿಂದ ಇನ್ನಷ್ಟು ಅಂಟು ಮೆತ್ತಿದರೆ ನೀರು ನಿಲ್ಲುತ್ತದೆ, ಆದರೆ ಅಪಘಾತವಾದರೆ ಗಾಜು ನಿಲ್ಲುವುದಿಲ್ಲ ಎಂದು ಮುದುಕರು ಹೇಳಿದ್ದರು. ಹಾಗಾಗಿ ಗಾಜನ್ನು ಪೂರ್ತಿ ಬಿಡಿಸಿ ತೆಗೆದು, ಮೊದಲಿನಿಂದ ಕೂರಿಸಬೇಕು. ಬಿಡಿಸುವುದೇ ಅಪಾಯದ ಕೆಲಸ, ಒಡೆಯುವುದಿದ್ದರೆ ಆಗಲೇ ಒಡೆಯುವುದು. ಶನಿವಾರದವರೆಗೆ ನಾಲ್ಕು ದಿನವಿತ್ತು. ಹೆಂಡತಿ ಡಬ್ಬಿಗೆ ಊಟ ಕಟ್ಟಿಕೊಟ್ಟಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಊರಿನ ಸುದ್ದಿ ಹೇಳಿದಳು. ನಾನು ಡ್ಯೂಟಿಗೆ ಹೋಗಿ ಬಂದೆ. ದಿನವೂ ನಿಜ ಹೇಳಬೇಕೆಂದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಗುರುವಾರ ಒಂದು ಸಲ ಅಂದುಕೊಂಡೆ, ಅಷ್ಟೇ.

ಶನಿವಾರ ಮುದುಕರು ಹೆಣೆದ ಉಕ್ಕಿನ ತಂತಿಯನ್ನೂ ಎರಡು ಮರದ ಹಿಡಿಗಳನ್ನೂ ತಂದರು. ಬಿಟ್ಟುಕೊಂಡಿದ್ದ ಸಂದಿನಲ್ಲೇ ತಂತಿ ತೂರಿಸಿದರು. ಒಂದು ತುದಿ ಕಾರಿನ ಒಳಗೆ ಕೂತವರ ಕೈಗೆ, ಇನ್ನೊಂದು ಹೊರಗೆ ನಿಂತವರ ಕೈಗೆ. ಮರ ಕೊಯ್ಯುವ ಗರಗಸದಂತೆ ಒಬ್ಬರು ಎಳೆದಾಗ ಇನ್ನೊಬ್ಬರು ಬಿಡಬೇಕು. ತಾಳ ತಪ್ಪಿ ತಂತಿ ಓರೆಯಾದರೆ ಗಾಜಿನ ಅಂಚು ಚಕ್ಕೆ ಏಳುತ್ತದೆ, ಚಕ್ಕೆ ಎದ್ದರೆ ಬಿರುಕು. ಅವರ ಭುಜಕ್ಕೆ ಅದು ಆಗದ ಕೆಲಸ. ಒಳಗೆ ಹೆಂಡತಿ ಕೂತಳು, ಹೊರಗೆ ನಾನು ನಿಂತೆ. ಮುದುಕರು ಕೆಳಗಿನ ಅಂಚಿಗೆ ಒಳ್ಳೆಯ ಕೈ ಕೊಟ್ಟು ನಿಂತು, ಎಳಿ, ಬಿಡು ಎನ್ನುತ್ತಿದ್ದರು.

ನಮ್ಮಿಬ್ಬರ ಮುಖದ ನಡುವೆ ಇದ್ದದ್ದು ಆ ಗಾಜೊಂದೇ. ಅವಳ ಕೂದಲು ಹಣೆಗೆ ಅಂಟಿತ್ತು. ಅವಳು ಎಳೆದಾಗ ನನ್ನ ಕೈ ಮುಂದೆ ಹೋಗುತ್ತಿತ್ತು, ನಾನು ಎಳೆದಾಗ ಅವಳದು. ಮೇಲಿನ ಅಂಚು ಮುಗಿಯಿತು, ಎಡಬದಿ ಮುಗಿಯಿತು, ಕೆಳಗಿನದು ಮುಗಿಯಿತು. ಅವಳ ತಾಳ ಒಮ್ಮೆಯೂ ತಪ್ಪಲಿಲ್ಲ. ತಾನು ಮಾಡದ ತಪ್ಪಿಗೆ ಇಷ್ಟು ಜೋಪಾನವಾಗಿ ದುಡಿಯುತ್ತಿದ್ದಳು. ಬಲಬದಿಯಲ್ಲಿ ಒಂದು ಗೇಣಿನಷ್ಟು ಅಂಟು ಉಳಿದಿದ್ದಾಗ ನನಗೆ ತಡೆಯಲಾಗಲಿಲ್ಲ.

"ಕುಂಕುಮಾ ಹಚ್ಚಿದ್ದು ನಾನು," ಎಂದೆ. ಮುದುಕರಿಗೆ ಕನ್ನಡ ತಿಳಿಯುವುದಿಲ್ಲ. ಆ ಧೈರ್ಯದ ಮೇಲೆಯೇ ಹೇಳಿದ್ದು.

"ಗೊತ್ತೈತಿ," ಎಂದಳು. ಅವಳ ಕೈ ನಿಂತಿತು. "ನಾ ಹಚ್ಚಿಲ್ಲ ಅಂದಮ್ಯಾಲ ಮನ್ಯಾಗ ಇನ್ನ್ಯಾರದಾರ?"

"ತಪ್ಪಾತು. ಎಳಿ ಈಗ."

"ಎಳಿಯಂಗಿಲ್ಲ. ಅವರ ಮುಂದ ನನ್ನ ಮ್ಯಾಲೆ ಹಾಕಿದ್ರಿ. ಅವರ ಮುಂದನ ತಗೀರಿ. ಇಂಗ್ಲಿಷಿನ್ಯಾಗ."

ಗೇಣಿನಷ್ಟು ಅಂಟಿಗೆ ಇಡೀ ಗಾಜು ಜೋತುಕೊಂಡಿತ್ತು. ಮುದುಕರು ಅದರ ಭಾರವನ್ನೆಲ್ಲ ಒಂದೇ ಕೈಯಲ್ಲಿ ಹೊತ್ತಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ಗದರಿದರು. ತೆರೆದ ಬಾಗಿಲಿನಿಂದ ಬೀಸಿದ ಗಾಳಿಗೆ ಗಾಜು ಮಿಸುಕಿತು. ನಾಲ್ಕು ವರ್ಷ, ಗುಜರಿಗಳ ಅಲೆದಾಟ, ಇನ್ನೊಂದಿಲ್ಲದ ಗಾಜು, ಎಲ್ಲವೂ ಅವಳಿಗೆ ನನ್ನಷ್ಟೇ ಗೊತ್ತಿತ್ತು. ಅವಳು ಹಿಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಹೇಳಿದೆ. ಎಣ್ಣೆ ಹಚ್ಚಿದವನು ನಾನು, ನನಗೆ ಹೆದರಿಕೆಯಾಗಿತ್ತು, ಇವಳು ಮುಟ್ಟಿಲ್ಲ, ಮಂಗಳವಾರ ನಿಮಗೆ ಸುಳ್ಳು ಹೇಳಿದೆ ಎಂದು, ಒಂದೊಂದೇ ವಾಕ್ಯವಾಗಿ, ಇಂಗ್ಲಿಷಿನಲ್ಲಿ. ಮುದುಕರು ಗಾಜಿನ ಆಚೆಗಿದ್ದ ಅವಳ ಕಡೆ ತಿರುಗಿ, "ಕ್ಷಮಿಸಮ್ಮ, ನಾನು ನಂಬಿಬಿಟ್ಟೆ" ಎಂದರು.

ಅವಳು ತಂತಿಯ ಹಿಡಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು.